ಮಾರ್ಗಿಟ್ ದ್ವೀಪ

ಊರಿಗೊಂದು ನದಿಯಿರುವುದು ಒಂದು ಭಾಗ್ಯ; ಆ ನದಿಯ ನಡುವೆ ಒಂದು ದ್ವೀಪವಿರುವುದು ಎರಡನೆಯ ಭಾಗ್ಯ; ಆ ದ್ವೀಪವನ್ನು ಮನೆಮಾರುಗಳಿಗೂ ಅಂಗಡಿಬೀದಿಗಳಿಗೂ ಒಪ್ಪಿಸದೆ, ಮರಗಿಡಗಳಿಗೂ ಮಕ್ಕಳುಮರಿಗಳಿಗೂ ಬಿಟ್ಟುಕೊಡುವ ಬುದ್ಧಿ ಊರಿನವರಿಗಿರುವುದು ಮೂರನೆಯ ಭಾಗ್ಯ. ಮೊದಲಿನ ಎರಡು ದೈವದತ್ತವಾದುವು. ಮೂರನೆಯದು ಮಾತ್ರ ಮನುಷ್ಯಪ್ರಯತ್ನದಿಂದಲೇ ಬರತಕ್ಕದ್ದು. ಹಂಗೇರಿ ದೇಶದ ರಾಜಧಾನಿಯಾದ ಬುಡಾಪೆಸ್ಟ್ ನಗರಕ್ಕೆ ಈ ಮೂರು ಭಾಗ್ಯಗಳೂ ಒದಗಿವೆ. ಆದರೆ ಮೂರನೆಯದು ಸಂಪೂರ್ಣವಾಗಿ ಕೈಗೂಡಲು ಆ ಊರಿನವರು ಹೆಚ್ಚುಕಡಿಮೆ ಏಳುನೂರು ವರ್ಷ ಕಾಯಬೇಕಾಯಿತು. ಆ ದ್ವೀಪದಲ್ಲಿ ನೋಡತಕ್ಕ ಸ್ಥಳಗಳನ್ನು ಒಂದೊಂದಾಗಿ ನೋಡುತ್ತ ನಡೆದರೆ, ಈ ಕಾಯುವಿಕೆಯ ಕಥೆಯೂ ತಾನಾಗಿಯೇ ತಿಳಿದುಬರುವುದು. ವಾಚಕರು ನಮ್ಮೊಡನೆ ಒಂದು ಸಂಜೆಯ ಸುತ್ತಾಟಕ್ಕೆ ಬರಬೇಕೆಂದು ಬೇಡುವೆವು.

ಡ್ಯಾನ್ಯೂಬ್ ಯೂರೋಪ್ ಖಂಡದ ಮಹಾನದಿಗಳಲ್ಲೊಂದು. ಜರ್ಮನಿಯ ಕಾಡುಮಲೆಗಳಲ್ಲಿ ಹುಟ್ಟಿ, ಸುಮಾರು ೨,೮೫೦ ಕಿಲೋಮೀಟರು ದೂರ ಹರಿದು, ಕಪ್ಪು ಸಮುದ್ರವನ್ನು ಸೇರುವ ಈ ನದಿಯು ದಾರಿಯಲ್ಲಿ ಬುಡಾಪೆಸ್ಟ್ ನಗರವನ್ನು ಇಬ್ಭಾಗ ಮಾಡಿಕೊಂಡು ಸಾಗುತ್ತದೆ. ಪಶ್ಚಿಮದ ದಡದಲ್ಲಿ ಗುಡ್ಡಗಳನ್ನೇರಿ ನಿಂತ ಬುಡಾ. ಪೂರ್ವದ ದಡದಲ್ಲಿ ಬಯಲಿನಲ್ಲಿ ಹರಡಿಕೊಂಡ ಪೆಸ್ಟ್. ಇವೆರಡೂ, ‘ಹಳೆಯ ಬುಡಾ’ ಎಂಬರ್ಥದ ಓಬುಡಾ ಎಂಬ ಮೂರನೆಯ ಊರೂ ಕೂಡಿ ಒಂದು ನಗರವಾದದ್ದು ೧೮೭೩ರಲ್ಲಿ. ಎರಡು ದಡಗಳ ನಡುವೆ, ನೀರಿನಲ್ಲಿ ಲಂಗರು ಹಾಕಿ ನಿಂತ ಹಸುರು ಹಡಗಿನಂತೆ ತೋರುವುದೇ ಮಾರ್ಗಿಟ್ ದ್ವೀಪ. ಉದ್ದ ಸುಮಾರು ಎರಡೂವರೆ ಕಿಲೋಮೀಟರು. ಅಗಲ ಹೆಚ್ಚೆಂದರೆ ಅರ್ಧ ಕಿಲೋಮೀಟರು. ಪ್ರವಾಹದ ಭಯವನ್ನು ತಗ್ಗಿಸುವುದಕ್ಕಾಗಿ ಇದರ ನೆಲವನ್ನು ಮಣ್ಣು ತುಂಬಿ ಎತ್ತರಿಸಿರುವರು.

ದ್ವೀಪವನ್ನು ಪ್ರವೇಶಿಸುವುದಕ್ಕೆ ದಕ್ಷಿಣದ ತುದಿಯಲ್ಲಿ ಮಾರ್ಗಿಟ್ ಸೇತುವೆಯೂ ಉತ್ತರದ ತುದಿಯಲ್ಲಿ ಆರ್ಪಾಡ್ ಸೇತುವೆಯೂ ಇವೆ. ನಾವು ದಕ್ಷಿಣದಿಂದ ಹೋಗೋಣ. ೧೮೭೨ರಿಂದ ೧೮೭೬ರವರೆಗೆ ಫ್ರೆಂಚ್ ಶಿಲ್ಪಿಯಾದ ಎರ್ನೆಸ್ಟ್ ಗ್ವೇನ್ ಎಂಬಾತನ ಯೋಜನೆಯಂತೆ ಕಟ್ಟಿದ ಈ ಸೇತುವೆಯು ನೆಟ್ಟಗಿಲ್ಲ. ನಡುವೆ ಮೊಣಕೈಯಂತೆ ಬಾಗಿದೆ. ದ್ವೀಪದ ಎರಡು ಮಗ್ಗುಲಲ್ಲಿಯೂ ಹರಿದು ಬಂದ ನದಿಯ ಕವಲುಗಳೆರಡು ಇಲ್ಲಿ ಕೂಡುವುದರಿಂದ, ಒಂದೊಂದು ಕವಲಿನ ಹರಿವಿಗೂ ಅಡ್ಡಲಾಗಿ ನಿಲ್ಲುವಂತೆ ಸೇತುವೆಯ ಎರಡು ಭಾಗಗಳನ್ನು ಬೇರೆಬೇರೆ ದಿಕ್ಕಿಗೆ ತಿರುಗಿಸಬೇಕಾಯಿತು. ಆ ಬಾಗಿನಿಂದ ದ್ವೀಪಕ್ಕೆ ಇಳಿಯುವ ಕವಲನ್ನು ೧೯೦೦ರ ವೇಳೆಗೆ ಸೇರಿಸಿದರು. ಅದಕ್ಕೆ ಮೊದಲು ಇಲ್ಲಿಗೆ ಬರುವವರೆಲ್ಲರೂ ದೋಣಿಯನ್ನೇ ನಂಬಬೇಕಾಗಿದ್ದಿತು.

ಈ ಸೇತುವೆ ಒಂದು ಘೋರವನ್ನೂ ಕಂಡಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೪ನೆಯ ನವಂಬರ್ ೪ರಂದು, ಜರ್ಮನ್ ಸೈನಿಕರು ಇದಕ್ಕೆ ಸಿಡಿಮದ್ದನ್ನು ಕಟ್ಟುತ್ತಿದ್ದಾಗ ಅದು ಅಕಸ್ಮಾತ್ತಾಗಿ ಸಿಡಿದು ಪೆಸ್ಟ್ ಕಡೆಯ ಭಾಗವು ನದಿಗೆ ಉರುಳಿತು. ಹಾಡುಹಗಲು, ಟ್ರಾಮುಗಳೂ ಕಾಲುನಡೆಯವರೂ ಹೋಗುತ್ತಿದ್ದ ವೇಳೆ. ಬಹುಮಂದಿ ಆ ನೀರಿನಲ್ಲಿಯೇ ಮಡಿದರು. ಉಳಿದರ್ಧವನ್ನು ೧೯೪೫ರ ಜನವರಿಯಲ್ಲಿ ಸೈನ್ಯವು ಹಿಂದೆ ಸರಿಯುವಾಗ ಬೇಕೆಂದೇ ಉರುಳಿಸಿತು. ಈಗ ನಾವು ದಾಟುವ ಸೇತುವೆಯು ಯುದ್ಧಾನಂತರ ಮತ್ತೆ ಕಟ್ಟಿದ್ದು. ದಿನವೂ ಸಾವಿರಾರು ಜನರು ಟ್ರಾಮಿನಲ್ಲಿ ಬಂದು ಸೇತುವೆಯ ನಡುಬಾಗಿನಲ್ಲಿಳಿದು, ಮಕ್ಕಳ ಕೈಹಿಡಿದುಕೊಂಡು ದ್ವೀಪದ ಕಡೆಗೆ ನಡೆಯುವರು.

ದ್ವೀಪದೊಳಕ್ಕೆ ಕಾಲಿಟ್ಟ ಕೂಡಲೇ ಗಮನಕ್ಕೆ ಬರುವುದು ಅಲ್ಲಿಲ್ಲದ ಒಂದು ವಸ್ತು: ಮೋಟಾರುಗಾಡಿಗಳ ಗದ್ದಲ. ನಗರದ ಬಸ್ಸು ಮತ್ತು ಕೆಲಸಕಾರ್ಯಕ್ಕಾಗಿ ಬರುವ ಕೆಲವು ವಾಹನಗಳ ಹೊರತು, ಖಾಸಗಿ ಗಾಡಿಗಳು ಉದ್ಯಾನದೊಳಗೆ ಓಡಾಡುವಂತಿಲ್ಲ. ನಡೆಯಲಾರದವರಿಗೂ ನಡೆಯಲೊಲ್ಲದ ಮಕ್ಕಳಿಗೂ, ಮನೆಮಂದಿಯೆಲ್ಲ ಕುಳಿತು ಕಾಲಿನಿಂದ ತುಳಿಯುವ ನಾಲ್ಕು ಗಾಲಿಯ ಬಂಡಿಗಳು ಬಾಡಿಗೆಗೆ ದೊರೆಯುತ್ತವೆ. ತಂದೆ ತುಳಿಯುವುದು, ತಾಯಿ ದಾರಿ ಹೇಳುವುದು, ಮಕ್ಕಳು ಕೇಕೆ ಹಾಕುವುದು — ಇದು ಯಾವ ದೇಶದಲ್ಲಿಯೂ ಒಂದೇ ರೀತಿಯೆಂದು ಕಾಣುತ್ತದೆ. ದ್ವೀಪದ ಅಂಚಿನ ಸುತ್ತಲೂ ಐದು ಕಿಲೋಮೀಟರಿಗೂ ಮಿಕ್ಕಿದ ಓಟದ ಹಾದಿಯೊಂದುಂಟು. ಮುಂಜಾನೆಯಿಂದ ರಾತ್ರಿಯವರೆಗೂ ಆಬಾಲವೃದ್ಧರು ಅದರ ಮೇಲೆ ಓಡುತ್ತಿರುವರು.

ಮೊದಲು ಎದುರಾಗುವುದು ಬುಡಾ, ಪೆಸ್ಟ್, ಓಬುಡಾಗಳು ಒಂದಾದುದರ ಶತಮಾನೋತ್ಸವದ ಸ್ಮಾರಕ. ಅದರಾಚೆ ೧೯೬೨ರಲ್ಲಿ ನಿರ್ಮಿತವಾಗಿ ೨೦೧೩ರಲ್ಲಿ ಹೊಸದಾಗಿ ಸಜ್ಜುಗೊಂಡ ದೊಡ್ಡ ಕಾರಂಜಿ. ಸಂಗೀತ ಮೊಳಗಿದಂತೆ ಇದರ ನೀರು ಏರುವುದು, ಬಾಗುವುದು, ಕುಣಿಯುವುದು. ಕತ್ತಲಾದ ಮೇಲೆ ಬಣ್ಣಬಣ್ಣದ ದೀಪಗಳು ಇದಕ್ಕೆ ಜೊತೆಗೂಡುವುವು. ಸುತ್ತಲಿನ ಹುಲ್ಲಿನ ಮೇಲೆ ಮನೆಯಿಂದ ತಂದ ಬುತ್ತಿಯನ್ನು ಬಿಚ್ಚಿಕೊಂಡು ಕುಳಿತ ಸಂಸಾರಗಳನ್ನು ನೋಡುವುದೂ ಕಾರಂಜಿಯನ್ನು ನೋಡುವಷ್ಟೇ ಹಿತವಾಗಿರುತ್ತದೆ.

ಸ್ವಲ್ಪ ಮುಂದಕ್ಕೆ ಹೋದರೆ ಈಜುಕೊಳಗಳ ಒಂದು ದೊಡ್ಡ ಕಟ್ಟಡ ಸಿಗುವುದು. ಇದನ್ನು ಕಟ್ಟಿಸಿದ ಶಿಲ್ಪಿಯ ಚರಿತ್ರೆ ಮಕ್ಕಳಿಗೆ ಓದಿ ಹೇಳತಕ್ಕದ್ದಾಗಿದೆ. ಆಲ್ಫ್ರೆಡ್ ಹಾಯೋಶ್ ೧೮೭೮ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿದನು. ಆತನ ಹುಟ್ಟುಹೆಸರು ಆರ್ನೋಲ್ಡ್ ಗುಟ್‌ಮನ್. ‘ಹಾಯೋಶ್’ ಎಂಬುದು ಆತನು ತಾನಾಗಿ ಆರಿಸಿಕೊಂಡ ಹೆಸರು, ಅದಕ್ಕೆ ನಾವಿಕನೆಂದರ್ಥ. ಹುಡುಗನಿಗೆ ಹದಿಮೂರು ವರ್ಷವಾಗಿದ್ದಾಗ ಆತನ ತಂದೆಯು ಇದೇ ಡ್ಯಾನ್ಯೂಬ್ ನದಿಯಲ್ಲಿ ಮುಳುಗಿ ತೀರಿಕೊಂಡನು. ಇನ್ನೊಬ್ಬನಾಗಿದ್ದರೆ ನೀರಿನ ಹತ್ತಿರವೇ ಸುಳಿಯುತ್ತಿರಲಿಲ್ಲವೇನೋ! ಈ ಬಾಲಕನಾದರೋ ಈಜನ್ನು ಚೆನ್ನಾಗಿ ಕಲಿಯಬೇಕೆಂದು ಸಂಕಲ್ಪ ಮಾಡಿದನು. ೧೮೯೬ರಲ್ಲಿ ಆಥೆನ್ಸಿನಲ್ಲಿ ಆಧುನಿಕ ಕಾಲದ ಮೊಟ್ಟಮೊದಲನೆಯ ಒಲಿಂಪಿಕ್ ಕ್ರೀಡೆಗಳು ನಡೆದಾಗ ಆತನಿಗೆ ಹದಿನೆಂಟು ವರ್ಷ. ಆಗ ಈಜುವುದಕ್ಕೆ ಕೊಳವಿರಲಿಲ್ಲ. ಏಪ್ರಿಲ್ ತಿಂಗಳಿನ ಕೊರೆಯುವ ಸಮುದ್ರದಲ್ಲಿಯೇ ಪಂದ್ಯ. ಚಳಿಯನ್ನು ತಡೆಯಲು ಮೈಗೆಲ್ಲ ದಪ್ಪವಾಗಿ ಕೊಬ್ಬನ್ನು ಬಳಿದುಕೊಂಡು ಆತನು ಅಲೆಗಳಿಗೆ ಧುಮುಕಿ, ೧೦೦ ಮೀಟರಿನಲ್ಲಿಯೂ ೧,೨೦೦ ಮೀಟರಿನಲ್ಲಿಯೂ ಮೊದಲಿಗನಾದನು. ಆ ದೊಡ್ಡ ಪಂದ್ಯದಲ್ಲಿ ಗೆಲ್ಲಬೇಕೆಂಬ ಆಸೆಗಿಂತ ಬದುಕಬೇಕೆಂಬ ಆಸೆಯೇ ತನ್ನನ್ನು ದಡ ಸೇರಿಸಿತೆಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ. ಹಂಗೇರಿಗೆ ಒಲಿಂಪಿಕ್ ಗೆಲುವನ್ನು ತಂದವರಲ್ಲಿ ಆತನೇ ಮೊದಲನೆಯವನು.

ಹಾಯೋಶ್ ಮುಂದೆ ಕಟ್ಟಡಗಳ ಶಿಲ್ಪಿಯಾದನು. ೧೯೩೦ರಲ್ಲಿ ತೆರೆದ ಈ ಈಜುಕೊಳದ ನಕ್ಷೆಯನ್ನು ತಾನೇ ರಚಿಸಿದನು. ೧೯೫೫ರಲ್ಲಿ ಆತನು ಕಾಲವಾದ ಅನಂತರ ಕಟ್ಟಡಕ್ಕೆ ಆತನ ಹೆಸರನ್ನೇ ಇಡಲಾಯಿತು. ತಂದೆಯನ್ನು ನುಂಗಿದ ನದಿಯ ನಡುವೆಯೇ, ಇತರರ ಮಕ್ಕಳು ನಿರ್ಭಯವಾಗಿ ಈಜು ಕಲಿಯುವಂತೆ ಒಂದು ಕೊಳವನ್ನು ಕಟ್ಟಿಸಿದ ಈ ಮಹನೀಯನಿಗಿಂತ ಉತ್ತಮವಾಗಿ ಪಿತೃಋಣವನ್ನು ತೀರಿಸಿದವರು ಅಪೂರ್ವವೆಂದೇ ಹೇಳಬೇಕು.

ಇನ್ನೂ ಉತ್ತರಕ್ಕೆ ‘ಪಲಾಟಿನುಸ್’ ಎಂಬ ಬಯಲು ಸ್ನಾನಘಟ್ಟವಿದೆ. ೧೯೧೯ರಲ್ಲಿ ಆರಂಭವಾದ ಇದರ ಈಗಿನ ಕಟ್ಟಡವು ೧೯೩೭ರದು. ಇಲ್ಲಿನ ಕೊಳವೊಂದರಲ್ಲಿ ಯಂತ್ರದ ಸಹಾಯದಿಂದ ಅಲೆಗಳನ್ನೆಬ್ಬಿಸುವರು. ಬೇಸಗೆಯಲ್ಲಿ ನಗರಕ್ಕೆ ನಗರವೇ ಇಲ್ಲಿ ಬಂದು ಬಿದ್ದಂತಿರುತ್ತದೆ. ಸ್ನಾನಗೃಹಗಳಿಗೂ ಈಜುಕೊಳಗಳಿಗೂ ಹಣ ತೆರಬೇಕು. ಉದ್ಯಾನಕ್ಕೆ ಮಾತ್ರ ಯಾವ ಶುಲ್ಕವೂ ಇಲ್ಲ. ಈ ಮಾತನ್ನು ವಾಚಕರು ನೆನಪಿಟ್ಟುಕೊಂಡಿರಲಿ.

ಬಲಾಢ್ಯ ವೃಕ್ಷಗಳ ನೆರಳಿನಲ್ಲಿ ಮುಂದುವರಿದರೆ ಗೋಥಿಕ್ ರೀತಿಯ ಒಂದು ಎತ್ತರದ ಮೋಟುಗೋಡೆ ಕಾಣಿಸುವುದು. ಇದು ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಪುರಾತನ ಇಗರ್ಜಿಯ ಅವಶೇಷ. ಅನೇಕ ಶತಮಾನಗಳ ಮೇಲೆ, ಹಂಗೇರಿಯ ‘ಪಲಾಟಿನ್’, ಎಂದರೆ ದೊರೆಯ ಪ್ರತಿನಿಧಿಯಾಗಿದ್ದ ರಾಜಕುಮಾರ ಯೋಜೆಫನು ಇದರ ಮಗ್ಗುಲಿಗೇ ತನ್ನ ವಿಹಾರಗೃಹವನ್ನು ಕಟ್ಟಿಸಿದನು. ಸ್ನಾನಘಟ್ಟಕ್ಕೆ ಪಲಾಟಿನುಸ್ ಎಂಬ ಹೆಸರು ಬಂದದ್ದು ಈ ಪದವಿಯಿಂದಲೇ. ಹದಿನೆಂಟನೆಯ ಶತಮಾನದ ಕೊನೆಯಿಂದ ೧೮೪೭ರಲ್ಲಿ ತಾನು ಕಾಲವಾಗುವವರೆಗೂ ಆತನು ಪಾಳುಬಿದ್ದಿದ್ದ ಈ ದ್ವೀಪವನ್ನು ತೋಟವಾಗಿ ಮಾಡಿದನು. ಅಪರೂಪದ ಮರಗಳನ್ನೂ ಗುಲಾಬಿಗಳನ್ನೂ ದ್ರಾಕ್ಷಿಯನ್ನೂ ನೆಡಿಸಿದನು. ಇಂದು ಸಾಮಾನ್ಯ ಜನರು ಕುಳಿತು ವಿಶ್ರಮಿಸುವ ನೆರಳಿನ ಬಹುಭಾಗವು ರಾಜವಂಶದವನೊಬ್ಬನ ಹವ್ಯಾಸದ ಫಲವೆಂಬುದನ್ನು ಮರೆಯಲಾಗದು.

ದ್ವೀಪದ ಹೃದಯವೆನ್ನಬಹುದಾದ ಸ್ಥಳಕ್ಕೆ ನಾವೀಗ ಬಂದೆವು. ಇಲ್ಲಿ ಕಣ್ಣು ಕೋರೈಸುವಂಥದೇನೂ ಇಲ್ಲ: ಮಂಡಿಯೆತ್ತರದ, ಎದೆಯೆತ್ತರದ ಕಲ್ಲುಗೋಡೆಗಳ ಸಾಲುಗಳು, ನಡುವೆ ಹುಲ್ಲು, ಕೆಂಪು ಶಿಲೆಯ ಒಂದು ಹಾಸು, ಅದರ ಬಳಿ ಯಾರೋ ಇಟ್ಟುಹೋದ ಹೂವು. ಇದು ಡೊಮಿನಿಕನ್ ಪಂಗಡದ ಕನ್ಯಾಮಠದ ಪಾಳು. ದ್ವೀಪಕ್ಕೆ ಹೆಸರು ಕೊಟ್ಟ ಮಾರ್ಗಿಟಳು ಬಾಳಿದ್ದೂ ಅಳಿದದ್ದೂ ಇಲ್ಲಿಯೇ.

ಅದಕ್ಕೆ ಹಿಂದೆ ಈ ದ್ವೀಪಕ್ಕೆ ‘ಮೊಲಗಳ ದ್ವೀಪ’ವೆಂದು ಹೆಸರಿದ್ದಿತು, ಅರಸರು ಬೇಟೆಯಾಡುತ್ತಿದ್ದ ತಾಣ. ೧೨೪೧ರಲ್ಲಿ ಮಂಗೋಲರ ದಂಡು ಹಂಗೇರಿಯ ಮೇಲೆ ಬಿದ್ದಿತು. ಸೇನೆಯು ಮುರಿಯಿತು, ಊರುಗಳು ಉರಿದುವು, ದೊರೆ ನಾಲ್ಕನೆಯ ಬೇಲಾ ತನ್ನ ಪರಿವಾರದೊಡನೆ ಆಡ್ರಿಯಾಟಿಕ್ ಸಮುದ್ರದ ಕಡೆಯ ಕೋಟೆಯೊಂದರಲ್ಲಿ ಆಶ್ರಯ ಪಡೆಯಬೇಕಾಯಿತು. ಆ ಸಂಕಟದಲ್ಲಿ ದೊರೆಯೂ ರಾಣಿಯೂ ದೇವರಿಗೆ ಹರಕೆ ಹೊತ್ತರು: ದೇಶವು ಉಳಿದರೆ, ಹುಟ್ಟಲಿರುವ ಕೂಸನ್ನು ದೇವರ ಸೇವೆಗೆ ಒಪ್ಪಿಸುವೆವೆಂದು. ೧೨೪೨ರ ಜನವರಿಯಲ್ಲಿ ಹೆಣ್ಣುಮಗು ಹುಟ್ಟಿತು. ಆ ವರ್ಷವೇ ಮಂಗೋಲರು ಹಿಂದಿರುಗಿದರು. ಮಾತು ಕೊಟ್ಟಾಗಿತ್ತು. ಇನ್ನೂ ಎಳೆಯ ಮಗುವಾಗಿದ್ದಾಗಲೇ ಮಾರ್ಗಿಟಳನ್ನು ವೆಸ್ಪ್ರೇಮ್ ಎಂಬ ಊರಿನ ಮಠಕ್ಕೆ ಕಳುಹಿಸಿದರು. ತಂದೆಯು ಈ ದ್ವೀಪದಲ್ಲಿ ಅವಳಿಗಾಗಿಯೇ ಒಂದು ಮಠವನ್ನು ಕಟ್ಟಿಸಿ, ಅವಳಿಗೆ ಹತ್ತು ವರ್ಷವಾದಾಗ ಇಲ್ಲಿಗೆ ಕರೆಸಿಕೊಂಡನು.

ಹರಕೆ ಹೊತ್ತವರು ತಂದೆತಾಯಿಗಳು. ಅದನ್ನು ತೀರಿಸಬೇಕಾದವಳು ಮಗಳು. ಇದು ನ್ಯಾಯವೇ ಎಂದು ಇಂದಿನ ತಾಯಂದಿರು ಕೇಳಿದರೆ ಅದು ಸಹಜವಾದ ಪ್ರಶ್ನೆಯೇ. ಆದರೆ ಮುಂದೆ ನಡೆದುದು ವಿಚಿತ್ರವಾದುದು. ಮಗಳು ಪ್ರಾಯಕ್ಕೆ ಬಂದಾಗ ರಾಜಕಾರ್ಯವು ತಂದೆಯ ಮನಸ್ಸನ್ನು ತಿರುಗಿಸಿತು. ಬೊಹೀಮಿಯದ ದೊರೆ ಒಟ್ಟೊಕಾರನಿಗೆ ಅವಳನ್ನು ಕೊಟ್ಟು ಸಂಧಿ ಬೆಳೆಸಬೇಕೆಂದು ಬೇಲಾ ಬಯಸಿದನು. ಹರಕೆಯ ಕಟ್ಟನ್ನು ಬಿಡಿಸುವ ದಾರಿಯನ್ನು ತಂದೆಯೇ ತೋರಿಸುತ್ತಿದ್ದನು. ಅರಮನೆಯೂ ಕಿರೀಟವೂ ಎದುರಿಗಿದ್ದುವು. ಮಾರ್ಗಿಟಳು ಒಲ್ಲೆನೆಂದಳು. ತಂದೆಯು ಹೊತ್ತಿದ್ದ ಹರಕೆ ಅಷ್ಟರಲ್ಲಿ ಅವಳದೇ ಆಗಿಹೋಗಿದ್ದಿತು. ದೊರೆಮಗಳೆಂಬ ಮನ್ನಣೆಯನ್ನು ಬದಿಗಿಟ್ಟು ಅವಳು ಅಡಿಗೆಮನೆಯ ಕೆಲಸವನ್ನೂ, ನೆಲ ತೊಳೆಯುವುದನ್ನೂ, ಇತರರು ಹೇಸುತ್ತಿದ್ದ ರೋಗಿಗಳ ಶುಶ್ರೂಷೆಯನ್ನೂ ತಾನೇ ಕೇಳಿ ಪಡೆದುಕೊಳ್ಳುತ್ತಿದ್ದಳು. ಅತಿಯಾದ ಉಪವಾಸ ದೇಹದಂಡನೆಗಳಿಂದ ಬಳಲಿ, ೧೨೭೦ನೆಯ ಜನವರಿ ೧೮ರಂದು, ಇನ್ನೂ ಇಪ್ಪತ್ತೆಂಟು ತುಂಬುವ ಮುನ್ನವೇ ತೀರಿಕೊಂಡಳು. ಆರು ವರ್ಷಗಳ ಮೇಲೆ ಅವಳ ನಡತೆಯ ವಿಷಯವಾಗಿ ವಿಚಾರಣೆ ನಡೆದಾಗ ನೂರಕ್ಕೂ ಮಿಕ್ಕಿದ ಸಾಕ್ಷಿಗಳು ಹೇಳಿಕೆ ಕೊಟ್ಟರು. ಜೊತೆಯಲ್ಲಿ ಬಾಳಿದ ಸಂನ್ಯಾಸಿನಿಯರ ಆ ಮಾತುಗಳು ಇಂದಿಗೂ ಉಳಿದಿವೆ. ರೋಮಿನ ಧರ್ಮಪೀಠವು ಅವಳನ್ನು ಸಂತಳೆಂದು ಸಾರಿದ್ದು ೧೯೪೩ರಲ್ಲಿ.

ಈ ಮಠದ ಇನ್ನೊಬ್ಬ ಹೆಣ್ಣುಮಗಳನ್ನೂ ಇಲ್ಲಿ ನೆನೆಯಬೇಕು. ಹದಿನಾರನೆಯ ಶತಮಾನದ ಆದಿಯಲ್ಲಿ ಲೆಯಾ ರಾಶ್ಕಯಿ ಎಂಬ ಸಂನ್ಯಾಸಿನಿಯು ಇಲ್ಲಿ ಕುಳಿತು ಹಂಗೇರಿಯ ನುಡಿಯಲ್ಲಿ ಗ್ರಂಥಗಳನ್ನು ಪ್ರತಿಮಾಡುತ್ತಿದ್ದಳು. ೧೫೧೦ರಲ್ಲಿ ಅವಳು ಬರೆದಿಟ್ಟ ಮಾರ್ಗಿಟಳ ಚರಿತ್ರೆಯು ಆ ದೇಶದ ಹಳೆಯ ಬರವಣಿಗೆಗಳಲ್ಲಿ ಅಮೂಲ್ಯವಾದುದೆಂದು ಎಣಿಸಲ್ಪಟ್ಟಿದೆ. ಆಮೇಲೆ ಹೆಚ್ಚು ಕಾಲ ಮಠ ಉಳಿಯಲಿಲ್ಲ. ೧೫೪೧ರಲ್ಲಿ ಬುಡಾ ತುರ್ಕರ ಕೈಸೇರಿತು. ಆ ಯುದ್ಧಗಳ ಕಾಲದಲ್ಲಿ ಸಂನ್ಯಾಸಿನಿಯರು ಮಾರ್ಗಿಟಳ ಅಸ್ಥಿಗಳನ್ನು ಹೊತ್ತುಕೊಂಡು ದ್ವೀಪವನ್ನು ಬಿಟ್ಟುಹೋದರು. ಕಟ್ಟಡಗಳು ಮಣ್ಣುಗೂಡಿದುವು. ೧೮೩೮ರಲ್ಲಿ ಪೆಸ್ಟ್ ನಗರವನ್ನೇ ಹಾಳುಗೆಡವಿದ ಮಹಾಪ್ರವಾಹವಾದ ಬಳಿಕ ಈ ಗೋಡೆಗಳು ಮತ್ತೆ ಬೆಳಕಿಗೆ ಬಂದುವು.

ಪಾಳಿನಿಂದ ತಲೆಯೆತ್ತಿದರೆ ಮರಗಳ ಮೇಲೆ ೫೭ ಮೀಟರು ಎತ್ತರದ ನೀರಿನ ಗೋಪುರ ಕಾಣುವುದು. ಸಿಲಾರ್ಡ್ ಜಿಯೆಲಿನ್‌ಸ್ಕಿ ಮತ್ತು ರೆಜೋ ರಾಯ್ ಎಂಬವರ ಯೋಜನೆಯಂತೆ ೧೯೧೧ರಲ್ಲಿ ನಿರ್ಮಿತವಾದ ಇದು ಕಬ್ಬಿಣದ ಸರಳುಗಳನ್ನು ಹುದುಗಿಸಿದ ಕಾಂಕ್ರೀಟಿನಿಂದ ಆ ದೇಶದಲ್ಲಿ ಎದ್ದ ಮೊದಮೊದಲಿನ ಕಟ್ಟಡಗಳಲ್ಲೊಂದು. ಮೇಲಿನ ಮೊಗಸಾಲೆಯಿಂದ ದ್ವೀಪವೂ ಎರಡು ದಡಗಳ ನಗರವೂ ಒಂದೇ ನೋಟಕ್ಕೆ ಸಿಕ್ಕುವುವು. ಬುಡದಲ್ಲಿರುವ ಬಯಲು ನಾಟ್ಯಶಾಲೆಯಲ್ಲಿ ೧೯೩೮ರಿಂದ ಬೇಸಗೆಯ ರಾತ್ರಿಗಳಲ್ಲಿ ಗೀತನಾಟಕಗಳು ನಡೆಯುತ್ತ ಬಂದಿವೆ. ಹತ್ತಿರದಲ್ಲಿಯೇ ಜಿಂಕೆಗಳೂ ಕೊಕ್ಕರೆಗಳೂ ಇರುವ ಒಂದು ಕಿರು ಮೃಗಶಾಲೆಯೂ, ಗುಲಾಬಿಯ ತೋಟವೂ ಇವೆ. ಮಕ್ಕಳು ಮೊದಲನೆಯದನ್ನೂ ಹಿರಿಯರು ಎರಡನೆಯದನ್ನೂ ಬಿಟ್ಟು ಬರಲೊಲ್ಲರು.

ಇನ್ನೂ ಉತ್ತರಕ್ಕೆ ಪುಟ್ಟದೊಂದು ಕಲ್ಲಿನ ಪ್ರಾರ್ಥನಾಮಂದಿರವುಂಟು. ಹನ್ನೆರಡನೆಯ ಶತಮಾನದಷ್ಟು ಹಳೆಯದಾದ ಇದನ್ನು ಹಾಳಾಗಿದ್ದ ಸ್ಥಿತಿಯಿಂದ ೧೯೩೦–೩೧ರಲ್ಲಿ ಮತ್ತೆ ಎತ್ತಿ ಕಟ್ಟಿದರು. ಇದರ ಘಂಟೆಯ ಕಥೆ ಸ್ವಾರಸ್ಯವಾದುದು. ೧೯೧೪ರಲ್ಲಿ ಬಿರುಗಾಳಿಯೊಂದಕ್ಕೆ ಇಲ್ಲಿನ ಒಂದು ಹಳೆಯ ಆಕ್ರೋಡಿನ ಮರವು ಬುಡಮೇಲಾಗಿ ಬಿದ್ದಿತು. ನೋಡಿದರೆ ಬೇರುಗಳ ಕೆಳಗೆ ಒಂದು ಕಂಚಿನ ಘಂಟೆ! ಹದಿನೈದನೆಯ ಶತಮಾನದ್ದು. ತುರ್ಕರು ಬರುತ್ತಿರುವರೆಂಬ ಸುದ್ದಿ ಕೇಳಿ ಸಂನ್ಯಾಸಿಗಳು ಅದನ್ನು ಹೂಳಿ ಹೋಗಿದ್ದಿರಬೇಕೆಂದು ಊಹೆ. ಹೂಳಿದವರು ಹಿಂದಿರುಗಲಿಲ್ಲ, ಮರವು ಅದನ್ನು ಬೇರುಗಳಲ್ಲಿ ಬಿಗಿದುಕೊಂಡು ಕಾಯ್ದಿತು. ಇಂದು ಆ ಘಂಟೆಯು ಅದೇ ಮಂದಿರದ ಗೋಪುರದಲ್ಲಿದೆ.

ಅದರ ಸಮೀಪದಲ್ಲಿ ಮಿಕ್ಲೋಶ್ ಈಬ್ಲ್ ಎಂಬ ಪ್ರಸಿದ್ಧ ಶಿಲ್ಪಿಯು ರಚಿಸಿದ, ೧೮೭೩ರಲ್ಲಿ ತೆರೆದ ದೊಡ್ಡ ಹೋಟೆಲು. ೧೮೬೬–೬೭ರಲ್ಲಿ ವಿಲ್ಮೋಶ್ ಜಿಗ್ಮೊಂಡಿ ಎಂಬ ಗಣಿಶಾಸ್ತ್ರಜ್ಞನು ಇಲ್ಲಿ ನೂರು ಮೀಟರಿಗೂ ಆಳಕ್ಕೆ ಬಾವಿ ಕೊರೆದು ಬಿಸಿನೀರಿನ ಬುಗ್ಗೆಯನ್ನು ಹೊರತಂದ ಮೇಲೆ, ಸಂಧಿವಾತ ಮೊದಲಾದ ಕಾಹಿಲೆಗಳವರು ಉಷ್ಣಜಲದ ಸ್ನಾನಕ್ಕಾಗಿ ಇಲ್ಲಿ ಬಂದು ತಂಗತೊಡಗಿದರು. ೧೮೭೭ರ ಬೇಸಗೆಯಲ್ಲಿ ಹಾಗೆ ಬಂದವರಲ್ಲಿ ಹಂಗೇರಿಯ ಮಹಾಕವಿ ಯಾನೋಶ್ ಅರಾನ್ಯ್ ಒಬ್ಬನು. ಆಗ ಆತನಿಗೆ ಅರುವತ್ತು ವರ್ಷ. ೧೮೬೫ರಲ್ಲಿ ಪ್ರೀತಿಯ ಮಗಳು ತೀರಿಕೊಂಡಂದಿನಿಂದ ಆತನ ಭಾವಗೀತೆಯ ಬಾಯಿ ಕಟ್ಟಿಹೋದಂತಾಗಿದ್ದಿತು; ವಿದ್ವತ್ಪರಿಷತ್ತಿನ ಕಾರ್ಯದರ್ಶಿತ್ವದ ಭಾರವು ಉಳಿದ ಶಕ್ತಿಯನ್ನು ಹೀರುತ್ತಿದ್ದಿತು. ಈ ದ್ವೀಪದ ಓಕ್ ಮರಗಳ ಕೆಳಗೆ ಕುಳಿತಿರುವಾಗ, ಬೀಗದ ಚಿಲಕವಿದ್ದ ಒಂದು ಪುಸ್ತಕದಲ್ಲಿ, ಅಚ್ಚಿಗಾಗಿಯಲ್ಲದೆ ತನಗಾಗಿಯೇ, ಆತನು ಮತ್ತೆ ಕವಿತೆಗಳನ್ನು ಬರೆಯತೊಡಗಿದನು. ಮುದಿತನದ ಆ ಕವಿತೆಗಳನ್ನು ಹಂಗೇರಿಯವರು ತಮ್ಮ ಸಾಹಿತ್ಯದ ಶ್ರೇಷ್ಠ ಸಂಪತ್ತುಗಳಲ್ಲಿ ಎಣಿಸುವರು. ಇಂದು ದ್ವೀಪದ ಹಾದಿಯೊಂದರ ಇಕ್ಕೆಲಗಳಲ್ಲಿಯೂ ಕವಿಗಳ, ಕಲಾವಿದರ ಅರ್ಧಪ್ರತಿಮೆಗಳನ್ನು ನಿಲ್ಲಿಸಿರುವರು.

ನಮ್ಮ ಸುತ್ತಾಟವು ಕೊನೆಗೆ ಬಂದಿತು. ಉತ್ತರದ ತುದಿಯಲ್ಲಿ ಹೊಂಬಣ್ಣದ ಮೀನುಗಳಿರುವ ಕೊಳಗಳ ಜಪಾನೀ ತೋಟವಿದೆ. ಅದರ ಸಮೀಪದಲ್ಲಿ ಕಂಬಗಳ ಮಂಟಪವೊಂದರ ಮೇಲೆ ನೆಪ್ಟ್ಯೂನ್ ಎಂಬ ಜಲದೇವತೆಯ ವಿಗ್ರಹ. ಇದು ‘ಹಾಡುವ ಬಾವಿ’. ಟ್ರಾನ್ಸಿಲ್ವೇನಿಯದ ಮರೋಶ್‌ವಾಶರ್‌ಹೆಯ್ ಎಂಬ ಊರಿನಲ್ಲಿ ಪೇಟೆರ್ ಬೊಡೊರ್ ಎಂಬ ಚತುರನಾದ ಯಂತ್ರಶಿಲ್ಪಿಯು ೧೮೨೦–೨೨ರಲ್ಲಿ ಇಂತಹ ಬಾವಿಯೊಂದನ್ನು ರಚಿಸಿದ್ದನು. ಆತನ ಚಾತುರ್ಯವು ಹದ್ದುಮೀರಿ ಖೋಟಾ ನೋಟುಗಳವರೆಗೂ ಹೋಗಿ, ಆತನು ಸೆರೆಮನೆಯನ್ನೂ ಕಂಡನು! ಮೂಲ ಬಾವಿಯು ಅಳಿದುಹೋಯಿತು, ೧೯೩೬ರಲ್ಲಿ ಅದರ ಪ್ರತಿಕೃತಿಯನ್ನು ಈ ದ್ವೀಪದಲ್ಲಿ ಕಟ್ಟಿದರು, ಯುದ್ಧದಲ್ಲಿ ಅದೂ ಜಖಂಗೊಂಡಿತು, ಮತ್ತೆ ದುರಸ್ತುಮಾಡಿದರು. ಈ ದ್ವೀಪದಲ್ಲಿ ಒಮ್ಮೆ ಹಾಳಾಗದೆ ಉಳಿದ ವಸ್ತುವನ್ನು ಹುಡುಕುವುದೇ ಕಷ್ಟ. ಮಂಗೋಲರು, ತುರ್ಕರು, ಪ್ರವಾಹ, ಮಹಾಯುದ್ಧ — ಒಂದೊಂದೂ ಬಂದು ಹೋದ ಮೇಲೆ, ಉಳಿದವರು ಬಂದು ಕಲ್ಲುಗಳನ್ನು ಆಯ್ದು ಜೋಡಿಸಿದ್ದಾರೆ.

ಇನ್ನು ನಾವು ನೆನಪಿಟ್ಟುಕೊಂಡಿರಲೆಂದ ಶುಲ್ಕದ ಮಾತು. ಬೇಟೆಯ ಅರಸರು, ಮಠದವರು, ಪಲಾಟಿನನ ವಂಶದವರು — ಹೀಗೆ ದ್ವೀಪವು ಒಬ್ಬರ ಕೈಯಿಂದೊಬ್ಬರ ಕೈಗೆ ಹೋಗುತ್ತ, ಕೊನೆಗೆ ೧೯೦೮ರಲ್ಲಿ ನಗರದ ಸಾರ್ವಜನಿಕ ಕಾಮಗಾರಿಗಳ ಮಂಡಲಿಯು ಯೋಜೆಫನ ವಂಶದವರಿಂದ ಇದನ್ನು ಕೊಂಡುಕೊಂಡಿತು. ಸಾರ್ವಜನಿಕ ಉದ್ಯಾನವೆಂದು ಹೆಸರಾಯಿತು. ಆದರೂ ಬಾಗಿಲಲ್ಲಿ ಹಣ ತೆತ್ತವರಿಗೆ ಮಾತ್ರ ಪ್ರವೇಶ. ಇರುವವರಿಗೆ ಆ ಮೊತ್ತವು ಲೆಕ್ಕಕ್ಕಿಲ್ಲ. ನಾಲ್ಕಾರು ಮಕ್ಕಳ ಕೂಲಿಯವನಿಗೆ ಅದೇ ಒಂದು ಕೋಟೆಯ ಗೋಡೆ. ೧೯೪೫ರಲ್ಲಿ, ಸೇತುವೆಗಳೆಲ್ಲ ಮುರಿದು ಬಿದ್ದು ನಗರವು ಬೂದಿಯಲ್ಲಿದ್ದ ಆ ಕಾಲದಲ್ಲಿ, ಈ ಶುಲ್ಕದ ಪದ್ಧತಿಯು ಕೊನೆಗೊಂಡಿತು. ಎಲ್ಲವನ್ನೂ ಕಳೆದುಕೊಂಡಿದ್ದ ಜನರಿಗೆ ಹೀಗೆ ಒಂದು ತೋಟವು ಸಿಕ್ಕಿತು.

ದೊರೆಮಗಳಾಗಿ ಹುಟ್ಟಿ, ಎಲ್ಲರಿಗಿಂತಲೂ ಕೆಳಗಿನ ಕೆಲಸವನ್ನು ಆರಿಸಿಕೊಂಡವಳ ಹೆಸರು ಈ ದ್ವೀಪಕ್ಕಿದೆ. ಆ ಹೆಸರಿಗೆ ತಕ್ಕ ನಡತೆ ದ್ವೀಪಕ್ಕೆ ಬಂದದ್ದು, ಬಾಗಿಲಿನಲ್ಲಿ ಹಣ ಕೇಳುವವನು ಎದ್ದುಹೋದ ದಿನವೇ ಎಂದು ನಮಗನ್ನಿಸುತ್ತದೆ. ಸಂಜೆಗತ್ತಲಾಗುತ್ತಿದೆ, ದಕ್ಷಿಣದಲ್ಲಿ ಕಾರಂಜಿಯ ದೀಪಗಳು ಹೊತ್ತಿಕೊಂಡಿವೆ. ದಿನದ ದುಡಿತ ಮುಗಿಸಿ ಬಂದ ತಾಯಿಯೊಬ್ಬಳು ಮಠದ ಪಾಳುಗೋಡೆಯ ಮೇಲೆ ಕುಳಿತು ಮಗುವಿಗೆ ರೊಟ್ಟಿಯನ್ನು ಮುರಿದು ಕೊಡುತ್ತಿದ್ದಾಳೆ. ಮಾರ್ಗಿಟಳು ನೋಡುತ್ತಿದ್ದರೆ, ಇನ್ನೊಂದು ತುಂಡನ್ನು ತಾನೇ ತಂದುಕೊಡುತ್ತಿದ್ದಳು.